ನಾಲ್ಕೂವರೆ ಇಂಚು

ಕಾಂಕ್ರೀಟಿಗೆ ಮಾತು ಬಂದು ಒಂಬತ್ತು ವರ್ಷವಾಗಿತ್ತು.

ಮಾತು ಎಂದರೆ ಅಂಕಿಗಳ ಮಾತು. ಜೋಳದ ಕಾಳಿನಷ್ಟು ಗಾತ್ರದ ಪಿಂಗಾಣಿ ಸಾಧನಗಳನ್ನು ತೊಲೆ, ಕಂಬಗಳ ಕಬ್ಬಿಣದ ಸರಳಿಗೆ ಅಂಟಿಸಿ, ಮೇಲೆ ಕಾಂಕ್ರೀಟು ಸುರಿಯುತ್ತಿದ್ದರು. ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ; ಹಗಲು ಕಾಯ್ದು ರಾತ್ರಿ ತಣಿಯುವ ಕಟ್ಟಡದ ಶಾಖವೇ ಸಾಕು. ಗಂಟೆಗೊಮ್ಮೆ ಅದು, ತಾನು ಅಂಟಿಕೊಂಡ ಸರಳು ಹತ್ತು ಲಕ್ಷದಲ್ಲಿ ಎಷ್ಟು ಪಾಲು ಹಿಗ್ಗಿದೆ ಎಂದು ವರದಿ ಮಾಡುತ್ತಿತ್ತು. ಕಂಪನಿಯವರು ಅದಕ್ಕೆ ಉದ್ದದ ಹೆಸರೊಂದನ್ನು ಇಟ್ಟಿದ್ದರು. ಹುಬ್ಬಳ್ಳಿಯ ಗೌಂಡಿಗಳು 'ಕಾಳು' ಎಂದರು. ಆ ಹೆಸರೇ ಉಳಿಯಿತು.

ಆದರೆ ಬರಿಯ ಅಂಕಿಯಿಂದ ಏನೂ ತಿಳಿಯುವುದಿಲ್ಲ. 150 ಎಂದು ಕಾಳು ಹೇಳಿದರೆ, ಎಷ್ಟು ಇರಬೇಕಿತ್ತು ಎಂದು ಹೇಳುವವರೂ ಬೇಕು. ಅದಕ್ಕಾಗಿಯೇ ಬಂದದ್ದು ಮಾದರಿ. ಕಟ್ಟುವ ಮುಂಚೆಯೇ ಇಡೀ ಕಟ್ಟಡವನ್ನು ಕಂಪ್ಯೂಟರಿನೊಳಗೆ ಕಟ್ಟಬೇಕು. ಆ ಕಟ್ಟಡದಲ್ಲಿ ಪ್ರತಿ ಗೋಡೆಗೂ ತನ್ನ ತೂಕ ಗೊತ್ತು, ತಾನು ಯಾವ ತೊಲೆಯ ಮೇಲೆ ನಿಂತಿದ್ದೇನೆಂದು ಗೊತ್ತು. ನಿಜವಾದ ಕಟ್ಟಡದ ಕಾಳುಗಳು ಹೇಳುವ ಅಂಕಿಯನ್ನು ಮಾದರಿ ಹೇಳುವ ಅಂಕಿಯ ಜೊತೆ ಧಾರವಾಡದ ನಿಗಾ ಕೊಠಡಿ ಗಂಟೆಗೊಮ್ಮೆ ತಾಳೆ ನೋಡುತ್ತಿತ್ತು. ವ್ಯತ್ಯಾಸ ನೂರಕ್ಕೆ ಹದಿನೈದರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. 2043ರ ಕಾನೂನಿನ ಪ್ರಕಾರ ಮಾದರಿ ಇಲ್ಲದೆ ಊರಲ್ಲಿ ಒಂದು ದನದ ಕೊಟ್ಟಿಗೆಯನ್ನೂ ಕಟ್ಟುವಂತಿರಲಿಲ್ಲ.

ದೊಡ್ಡ ಕಂಪನಿಗಳಿಗೆ ಇದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸ್ವಂತವಾಗಿ ಮನೆಯ ನಕ್ಷೆ ಮಾಡಿಕೊಡುತ್ತಿದ್ದ ಕಸ್ತೂರಿ ಹಾದಿಮನಿಯಂಥವರಿಗೆ. ಕಾನೂನು ಇವರಿಗೊಂದು ಷರತ್ತು ಹಾಕಿತ್ತು: ತಾವೇ ಮಾದರಿ ಮಾಡಿದ ಒಂದು ಕಟ್ಟಡ ಆರು ತಿಂಗಳು ಹಸಿರಾಗಿ ಉಳಿಯಬೇಕು. ಉಳಿದರೆ ಸಹಿ ಹಾಕುವ ಹಕ್ಕು ಕಾಯಂ. ನಡುವೆ ಕೆಂಪಾದರೆ ಮೂರು ದಿನದಲ್ಲಿ ಕಾರಣ ತೋರಿಸಿ ರುಜುವಾತು ಮಾಡಬೇಕು. ಆಗದಿದ್ದರೆ ಕಟ್ಟಡಕ್ಕೆ ಬೀಗ, ವಿನ್ಯಾಸಕರ ಸಹಿ ಮುಂದೆಂದೂ ನಡೆಯುವುದಿಲ್ಲ.

ಕಸ್ತೂರಿಗೆ ಆಗ ನಲವತ್ತಾರು ವರ್ಷ. ಸಿವಿಲ್ ಡಿಪ್ಲೊಮಾ ಮುಗಿಸಿ, ಗದಗ ರಸ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದವಳು. ಎರಡು ಗೆರೆ ಎಳೆದರೆ ಗೋಡೆ, ಕಾಲು ವೃತ್ತ ಎಳೆದರೆ ಬಾಗಿಲು. ನೋಡುವವರಿಗೆ ಅರ್ಥವಾದರೆ ಮುಗಿಯಿತು. ಮಾದರಿಗೆ ಅದು ಸಾಲುತ್ತಿರಲಿಲ್ಲ. ಒಂದು ಗೋಡೆ ಇಟ್ಟರೆ ಯಾವ ಇಟ್ಟಿಗೆ, ಎಷ್ಟು ದಪ್ಪ, ಎಲ್ಲಿಂದ ಎಲ್ಲಿಯವರೆಗೆ ಎಂದು ಮೂರು ಪ್ರಶ್ನೆ ಕೇಳುತ್ತಿತ್ತು. ಉತ್ತರ ತಪ್ಪಾದರೆ ಸುಮ್ಮನಿರುತ್ತಿತ್ತು. ಕೊನೆಗೆ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆದಿದೆ ಎಂಬ ಪಟ್ಟಿಯನ್ನು ಮುಂದೆ ಚಾಚುತ್ತಿತ್ತು.

ಆಕೆಯ ಮೊದಲ ಮಾದರಿಯಲ್ಲಿ ಇನ್ನೂರ ಹದಿನಾಲ್ಕು ಡಿಕ್ಕಿಗಳಿದ್ದವು. ನೀರಿನ ಕೊಳವೆ ಕಿಟಕಿಯ ನಟ್ಟನಡುವೆ ಹಾದುಹೋಗಿತ್ತು. ಮೆಟ್ಟಿಲು ಹತ್ತುವವರ ತಲೆ ತೊಲೆಗೆ ಬಡಿಯುತ್ತಿತ್ತು.

ಮಾವ ಶಿವಲಿಂಗಪ್ಪ ಚಹಾದ ಕಪ್ಪು ಹಿಡಿದು ಹಿಂದೆ ನಿಂತು ನೋಡುತ್ತಿದ್ದರು. ರೈಲ್ವೆ ಕಾರ್ಯಾಗಾರದಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು. "ಈ ಮನ್ಯಾಗ ಇರಾವ್ರು ಎಲ್ಲಾರೂ ಕುಳ್ಳರ ಇರಬೇಕು, ಬಿಡು," ಎಂದರು.

"ನಗಬ್ಯಾಡ್ರಿ ಮಾವಾರ."

"ನಗಲಾರದ ಏನ ಮಾಡ್ಲೆವಾ? ಇಪ್ಪತ್ತೆರಡು ವರ್ಷ ಇಂಥಾ ಮನೀನ ಕಟ್ಟಿಸೀ ಏನು?"

ಕಸ್ತೂರಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾ ಬರೀತಿದ್ದೆ. ಕಟ್ಟೂ ಮುಂದ ದಾವಲಸಾಬಣ್ಣ ಸರಿ ಮಾಡ್ತಿದ್ದ."

ಅದು ನಿಜವಾಗಿತ್ತು. ಆಕೆಯ ನಕ್ಷೆಗಳನ್ನು ಕಟ್ಟಡ ಮಾಡುತ್ತಿದ್ದ ಗೌಂಡಿ ದಾವಲಸಾಬ ಮುಲ್ಲಾನವರ, ಕಾಗದದಲ್ಲಿ ಬಿಟ್ಟುಹೋದದ್ದನ್ನೆಲ್ಲ ಕಣ್ಣಳತೆಯಲ್ಲೇ ತುಂಬುತ್ತಿದ್ದ. ಮೆಟ್ಟಿಲು ತಲೆಗೆ ಬಡಿಯುತ್ತದೆ ಎನಿಸಿದರೆ ಎರಡು ಮೆಟ್ಟಿಲು ಆಚೆಗೆ ಎಳೆಯುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಮನೆ ನಿಲ್ಲುತ್ತಿತ್ತು.

ಕಸ್ತೂರಿ ಎಂಟು ತಿಂಗಳು ಕಲಿತಳು. ಬೆಳಗಿನ ಐದಕ್ಕೆದ್ದು ಪಾಠದ ವಿಡಿಯೊ ಹಾಕಿ, ಒಂದೊಂದು ನಿಮಿಷವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಗೋಡೆಯನ್ನು ಗೆರೆಯೆಂದು ಕಾಣುತ್ತಿದ್ದ ಕಣ್ಣಿಗೆ ಅದು ತೂಕವೆಂದು ಕಾಣತೊಡಗಿದ್ದು ಐದನೆಯ ತಿಂಗಳಲ್ಲಿ. ಆಮೇಲೆ ಕೆಲಸ ಬೇಗ ಸಾಗಿತು. ಗೋಕುಲ ರಸ್ತೆಯ ಆಚೆ, ಜೋಳದ ರೊಟ್ಟಿ ಬಡಿಯುವ ನಲವತ್ತು ಹೆಂಗಸರ ಸಂಘಕ್ಕೆ ಎರಡಂತಸ್ತಿನ ಕಟ್ಟಡದ ಮಾದರಿ ಮಾಡಿದಳು. ಕೆಳಗೆ ಒಲೆಗಳು, ಮೇಲೆ ಜೋಳದ ಉಗ್ರಾಣ. ಡಿಕ್ಕಿಗಳ ಪಟ್ಟಿ ಖಾಲಿಯಾಗಿ ಬಂದಾಗ ಅದನ್ನು ಮಾವನಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಆ ಖಾಲಿ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

ದಾವಲಸಾಬ ಕಟ್ಟಿ ಮುಗಿಸಿದ ಕಟ್ಟಡ ಸೆಪ್ಟೆಂಬರಿನಲ್ಲಿ ಹಸಿರಾಯಿತು. ಜನವರಿ ಇಪ್ಪತ್ತರ ಬೆಳಿಗ್ಗೆ ಏಳು ಗಂಟೆಗೆ ಕೆಂಪಾಯಿತು.

*

ನಿಗಾ ಕೊಠಡಿಯ ಒಂದು ಗೋಡೆ ತುಂಬ ಐದು ಜಿಲ್ಲೆಗಳ ನಕಾಶೆ. ಅದರ ಮೇಲೆ ಮೂವತ್ತೊಂದು ಸಾವಿರ ಚುಕ್ಕೆಗಳು. ಹಸಿರಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಮೆಣಸಿನ ಬೀಜದಂತೆ ಚೆಲ್ಲಿಕೊಂಡಿದ್ದವು.

ಉಸ್ತುವಾರಿ ಎಂಜಿನಿಯರ್ ವಿನೋದ್ ಕುಂದರ್, ಉಡುಪಿಯ ಕಡೆಯವನು, ಮೂವತ್ತರ ಆಸುಪಾಸಿನವನು. ಕಸ್ತೂರಿಗೆ ಕುರ್ಚಿ ಕೊಟ್ಟು ತಾನೂ ಕುಳಿತ.

"ಏಳನೇ ತೊಲೆ ಮೇಡಂ. ಉಗ್ರಾಣದ ಗೋಡೆಯ ಕೆಳಗಿನದು. ನಿಮ್ಮ ಮಾದರಿ 150 ಅನ್ನುತ್ತದೆ. ಕಾಳು 176 ಅನ್ನುತ್ತಿದೆ. ನೂರಕ್ಕೆ ಹದಿನೇಳು ಹೆಚ್ಚು."

"ಒಮ್ಮಿಗೇ ಏರಿತೇನ್ರಿ?"

"ಇಲ್ಲ. ಮೊದಲ ತಿಂಗಳು ಆರು, ಆಮೇಲೆ ಹತ್ತು, ಹದಿಮೂರು. ಹೊಸ ಕಾಂಕ್ರೀಟು ನಿಧಾನವಾಗಿ ಬಗ್ಗುತ್ತದಲ್ಲ, ಹಾಗೆ ಏರಿದೆ." ಅವನು ದನಿ ತಗ್ಗಿಸಿ ಹೇಳಿದ: "ಕಂಪನಿಯವರಾದರೆ ಮಾದರಿಯನ್ನೇ ತಿದ್ದಿ ಕಳಿಸುತ್ತಾರೆ. ಇಟ್ಟಿಗೆ ಸ್ವಲ್ಪ ಭಾರ, ಕಾಂಕ್ರೀಟು ಸ್ವಲ್ಪ ಮೆದು ಎಂದು ಬರೆದರೆ ಅಂಕಿ ಕೂಡಿಬರುತ್ತದೆ, ಹಸಿರಾಗುತ್ತದೆ. ಎರಡು ತಿಂಗಳು ಬಿಟ್ಟು ಮತ್ತೆ ಕೆಂಪು. ನನಗೆ ಅದು ಬೇಡ."

"ನನಗೂ ಬ್ಯಾಡ."

"ಹಾಗಾದರೆ ಕಾರಣ ಬೇಕು ಮೇಡಂ. ಗುರುವಾರ ಬೆಳಿಗ್ಗೆ ಏಳರ ಒಳಗೆ."

ಕಸ್ತೂರಿ ಎದ್ದು ಗೋಡೆಯ ನಕಾಶೆಯ ಮುಂದೆ ನಿಂತಳು. "ಇಷ್ಟು ಕೆಂಪು ಅದಾವಲ್ರಿ. ಎಲ್ಲಾವೂ ಬೀಳೂ ಮನಿಗಳೇನು?"

"ಆರುನೂರ ಹನ್ನೆರಡು. ಆರು ತಿಂಗಳು ದಾಟಿದವು, ಬೀಗ ಹಾಕುವಂತಿಲ್ಲ. ಅದೇ ನಮ್ಮ ತಲೆನೋವು. ಹೆಚ್ಚಿನವು ಗಟ್ಟಿಮುಟ್ಟಾಗಿಯೇ ಇವೆ. ಆದರೆ ಯಾವುದು ಗಟ್ಟಿ, ಯಾವುದು ಅಪಾಯ ಎಂದು ಹೇಳಲು ಆಗುತ್ತಿಲ್ಲ. ಮಂಗಳೂರು, ಬೆಂಗಳೂರಲ್ಲಿ ಇಷ್ಟಿಲ್ಲ. ಇಲ್ಲಿಯ ಸಣ್ಣ ಮನೆಗಳಲ್ಲೇ ಯಾಕೆ ಹೀಗೆ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದೇವೆ ಮಾರಾಯ್ರೆ. ಈಗ ಜನರೂ ಕೆಂಪು ಅಂದರೆ ನಕ್ಕು ಸುಮ್ಮನಾಗುತ್ತಾರೆ."

*

ಸಂಜೆ ಚಹಾದ ಹೊತ್ತಿಗೆ ಕಸ್ತೂರಿ ಮಾದರಿಯನ್ನು ಊಟದ ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದಳು. ಇಟ್ಟಿಗೆ, ಚಪ್ಪಡಿ, ಒಲೆಗಳ ಶಾಖ, ಚೀಲಗಳ ತೂಕ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿದ್ದಳು. ಎಲ್ಲೂ ತಪ್ಪಿರಲಿಲ್ಲ.

ಶಿವಲಿಂಗಪ್ಪ ಎದುರಿಗೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. "176 ಅಂದಿ. ಆ ಕಡೀದೆಷ್ಟು?"

"ಯಾವ ಕಡೀದ್ರಿ?"

"ತೊಲಿಗೆ ಎರಡು ಮೈ ಇರ್ತಾವೋ ಇಲ್ಲೋ? ನಮ್ಮ ಶೆಡ್ಡಿನ್ಯಾಗ ಬೋಗಿಯ ಒಂದು ಗಾಲಿ ಬಿಸಿ ಆತಂದ್ರ ಮೊದಲ ಆ ಗಾಲಿ ಬಿಚ್ಚತಿರಲಿಲ್ಲ. ಆಚೀ ಕಡೆ ಗಾಲಿ ಮುಟ್ಟಿ ನೋಡ್ತಿದ್ವಿ. ಅದು ತಣ್ಣಗಿದ್ರ, ಭಾರ ಈ ಕಡೆ ಸರದೈತಿ ಅಂತ ಅರ್ಥ."

ಕಸ್ತೂರಿ ಚಹಾ ಕೆಳಗಿಟ್ಟಳು. ನಿಗಾ ಕೊಠಡಿ ಲೆಕ್ಕಕ್ಕೆ ಹಿಡಿಯುವುದು ಅತಿ ಹೆಚ್ಚು ಹಿಗ್ಗಿದ ಕಾಳನ್ನು ಮಾತ್ರ. ಅದೇ ತೊಲೆಯ ಇನ್ನೊಂದು ಮೈಯ ಕಾಳಿನ ಅಂಕಿ ಪಟ್ಟಿಯಲ್ಲಿ ಕೆಳಗೆಲ್ಲೋ ಬಿದ್ದಿತ್ತು. ಹುಡುಕಿದಳು. 128.

176 ಮತ್ತು 128. ಎರಡರ ಸರಾಸರಿ 152. ಮಾದರಿ ಹೇಳಿದ್ದು 150.

"ಮಾವಾರ, ಭಾರ ಹೆಚ್ಚಾಗಿಲ್ರಿ," ಎಂದಳು. "ಅಷ್ಟ ಐತಿ. ತೊಲಿ ತಿರುಚಿಕೊಂಡೈತಿ."

"ಹಂಗಾರ ಯಾವುದೋ ಒಂದು ಸರದೈತಿ. ಏನು ಸರದೈತಿ ಅಂತ ನೋಡು." ಶಿವಲಿಂಗಪ್ಪ ಮಂಡಕ್ಕಿಯ ತಾಟನ್ನು ಅವಳ ಕಡೆಗೆ ತಳ್ಳಿದರು.

*

ಮರುದಿನ ಕಸ್ತೂರಿ ಟೇಪು ಹಿಡಿದು ರೊಟ್ಟಿ ಸಂಘದ ಮಹಡಿ ಹತ್ತಿದಳು. ಬರುವಾಗ ದಾವಲಸಾಬನನ್ನೂ ಕರೆಸಿಕೊಂಡಿದ್ದಳು. ಸಂಘದ ಅಧ್ಯಕ್ಷೆ ಚನ್ನವ್ವ ಮುದಗಲ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು.

ಕಟ್ಟಡ ಒಪ್ಪಿಸಿದ ದಿನ ಕಸ್ತೂರಿ ಎಲ್ಲ ಕಂಬಗಳನ್ನೂ ಎಲ್ಲ ತೊಲೆಗಳನ್ನೂ ಅಳೆದಿದ್ದಳು. ಒಳಗಿನ ಗೋಡೆಗಳನ್ನು ಅಳೆದಿರಲಿಲ್ಲ. ನಿಯಮ ಅದನ್ನು ಕೇಳುತ್ತಿರಲಿಲ್ಲ. ಚಪ್ಪಡಿಯ ಭಾರ ಹೊರದ ಗೋಡೆಯನ್ನು ಯಾರೂ ಅಳೆಯುವ ರೂಢಿಯೂ ಇರಲಿಲ್ಲ. ಈಗ ಉಗ್ರಾಣದ ಒಳಗೆ ಟೇಪಿನ ತುದಿಯನ್ನು ಚನ್ನವ್ವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದಳು. ಅಗಲ ಎಂಟು ಅಡಿ. ಸರಿ. ಉದ್ದ ಹನ್ನೆರಡು ಅಡಿ ಒಂಬತ್ತು ಇಂಚು ಇರಬೇಕು.

ಟೇಪು ಹದಿಮೂರು ಅಡಿ ಒಂದೂವರೆ ಇಂಚು ತೋರಿಸಿತು.

ಕಸ್ತೂರಿ ಮತ್ತೊಮ್ಮೆ ಹಿಡಿದಳು. ಅಷ್ಟೇ. ನಾಲ್ಕೂವರೆ ಇಂಚು ಹೆಚ್ಚು.

"ದಾವಲಸಾಬಣ್ಣ, ಈ ಗೋಡಿ ಯಾಕ ಇಲ್ಲಿ ನಿಂತೈತಿ?"

ದಾವಲಸಾಬ ಕಿಟಕಿಯ ಹೊರಗೆ ನೋಡಿದ. "ಗೋಡಿ ಅಲ್ರೀ ಅಕ್ಕಾರ, ನಿಲ್ಲಾಕ ಬೇಕಲ್ಲ."

"ತೊಲಿ ಮ್ಯಾಲೆ ನಿಲ್ಲಬೇಕಾಗಿತ್ತು. ಅರ್ಧ ತೊಲಿ ಮ್ಯಾಲೆ, ಅರ್ಧ ಚಪ್ಪಡಿ ಮ್ಯಾಲೆ ನಿಂತೈತಿ. ಯಾರು ಸರಿಸಿದ್ರು?"

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಆಯ ಕೂಡಲಿಲ್ರಿ."

ಆಯ ಎಂದರೆ ಕಸ್ತೂರಿಗೆ ಗೊತ್ತಿಲ್ಲದ್ದೇನಲ್ಲ. ಕೋಣೆಯ ಒಳ ಅಳತೆಯ ಉದ್ದ ಅಗಲ ಗುಣಿಸಿ, ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷ. ಒಂದು ಉಳಿದರೆ ಧ್ವಜಾಯ, ಶ್ರೇಷ್ಠ. ಆರು ಉಳಿದರೆ ಖರಾಯ, ಕತ್ತೆಯ ಆಯ. ಊರಿನ ಯಾವ ಗೌಂಡಿಯನ್ನು ಕೇಳಿದರೂ, ಅವನ ಜಾತಿ ಮತ ಏನೇ ಇರಲಿ, ಬಾಯಿಲೆಕ್ಕದಲ್ಲೇ ಹೇಳುತ್ತಾನೆ. ಎಂಜಿನಿಯರುಗಳಿಗೆ ಮಾತ್ರ ಹೇಳುವುದಿಲ್ಲ, ಅವರು ಬೈಯುತ್ತಾರೆ.

ಕಸ್ತೂರಿ ಮನಸ್ಸಿನಲ್ಲೇ ಗುಣಿಸಿದಳು. ನಕ್ಷೆಯ ಕೋಣೆ ನೂರ ಎರಡು ಚದರಡಿ. ಒಂಬತ್ತರಿಂದ ಒಂಬೈನೂರ ಹದಿನೆಂಟು. ಎಂಟರಿಂದ ಭಾಗಿಸಿದರೆ ಉಳಿಯುವುದು ಆರು. ಈಗಿನ ಕೋಣೆ ನೂರ ಐದು; ಉಳಿಯುವುದು ಒಂದು.

"ನೀವು ನನಗ ಕತ್ತಿ ಕೋಣಿ ಬರದು ಕೊಟ್ಟಿದ್ರಿ, ಕಸ್ತೂರಿಬಾಯಾರ," ಎಂದಳು ಚನ್ನವ್ವ. ಅವಳ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. "ಜ್ವಾಳ ಇಡೂ ಜಾಗಾ ಅದು. ನಲವತ್ತು ಮಂದಿ ಹೊಟ್ಟಿ. ಧ್ವಜಾಯನ ಬೇಕು, ಬ್ಯಾರೆ ನಡಿಯಂಗಿಲ್ಲ ಅಂತ ನಾನ ಹೇಳೀನಿ. ಅವನ್ನ ಬೈಬ್ಯಾಡ್ರಿ."

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀವು ಬಿಡ್ತಿದ್ರೇನ್ರಿ?"

ಕಸ್ತೂರಿ ಟೇಪು ಸುತ್ತಿಕೊಂಡಳು. ಬಿಡುತ್ತಿರಲಿಲ್ಲ.

ದಾವಲಸಾಬ ಗೋಡೆಗೆ ಕೈ ಊರಿ ನಿಂತ. "ಹೇಳಾಕ ಹೆದರಿಕಿ ಆತ್ರಿ ಅಕ್ಕಾರ. ನಕ್ಷಾ ಬಿಟ್ಟು ಒಂದಿಂಚು ಸರಿಸಿದ್ರೂ ಗೌಂಡಿ ಕಾರ್ಡು ಕಿತ್ಕೋತಾರ ಅಂತ ಈ ಹೊಸ ಕಾಯ್ದೆದಾಗ ಐತಿ. ಮೊದಲಾದ್ರ ನಿಮ್ಮ ಮುಂದ ಹೇಳ್ತಿದ್ದೆ."

"ಮೊದಲೂ ಹೇಳ್ತಿರಲಿಲ್ಲ ನೀನು."

"ಹೌದ್ರಿ, ಹೇಳ್ತಿರಲಿಲ್ಲ," ಎಂದು ಅವನು ಒಪ್ಪಿಕೊಂಡ.

ಆಯ ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಗೋಡೆ ಸರಿದದ್ದು ನಿಜ, ಅದರ ತೂಕ ಮೂರು ಟನ್ ಎಂಬುದೂ ನಿಜ. ಕಸ್ತೂರಿ ಅಲ್ಲೇ ಜೋಳದ ಚೀಲದ ಮೇಲೆ ಕುಳಿತು, ಮಾದರಿಯೊಳಗಿನ ಗೋಡೆಯನ್ನು ನಾಲ್ಕೂವರೆ ಇಂಚು ಆಚೆಗೆ ಎಳೆದಳು. ಲೆಕ್ಕ ಮುಗಿಯಲು ಹನ್ನೊಂದು ನಿಮಿಷ ಹಿಡಿಯಿತು.

ತೊಲೆಯ ಹೊರಮೈ 175. ಒಳಮೈ 129.

*

"ತುಂಬ ಚೆನ್ನಾಗಿ ಕೂಡಿದೆ," ಎಂದ ವಿನೋದ್, ಅದೇ ಸಂಜೆ ನಿಗಾ ಕೊಠಡಿಯಲ್ಲಿ. ಆದರೆ ಅವನ ಮುಖ ಅರಳಲಿಲ್ಲ. "ಮೇಡಂ, ನಾನು ನಿಮ್ಮ ಮಾತು ನಂಬುತ್ತೇನೆ. ಆದರೆ ಹೊರಮೈಯಲ್ಲಿ ಕಾಂಕ್ರೀಟು ಸರಿಯಾಗಿ ಇಳಿಯದೆ ಟೊಳ್ಳು ಉಳಿದಿದ್ದರೂ ಇದೇ ಅಂಕಿ ಬರುತ್ತದೆ. ಗೋಡೆ ಸರಿದಿದೆ, ನಿಜ. ಅದೇ ಕಾರಣ ಎಂದು ಹೇಗೆ ಹೇಳುವುದು? ನಿನ್ನೆಯ ಅಂಕಿಗೆ ಹೊಂದುವ ಮಾದರಿಯನ್ನು ಯಾರು ಬೇಕಾದರೂ ಮಾಡಬಹುದು. ನೀವು ನಾಳೆಯ ಅಂಕಿ ಹೇಳಬೇಕು."

ಕಸ್ತೂರಿ ಅವನ ಪರದೆಯ ಮೇಲೆ ತೊಲೆಯನ್ನೇ ನೋಡುತ್ತ ಕುಳಿತಳು. ಗೋಡೆ ತೊಲೆಯನ್ನು ಹೊರಕ್ಕೆ ತಿರುಚುತ್ತಿದೆ. ಒಳಗಿನಿಂದ ಅಷ್ಟೇ ಭಾರ ಹೇರಿದರೆ?

"ಹೇಳ್ತೀನಿ," ಎಂದಳು. "ಉಗ್ರಾಣದಾಗ ಚೀಲಗೋಳು ಈಗ ಆಚೀ ಗೋಡಿ ಹತ್ರ ಅದಾವು. ಅರವತ್ತು ಚೀಲ ಈ ಗೋಡಿ ಒಳಮೈಗೆ ತಂದು ಒಟ್ಟಿಸ್ತೀನಿ. ಮೂರು ಟನ್."

"ಕೆಂಪಾದ ತೊಲೆಯ ಮೇಲೆ ಇನ್ನೂ ಭಾರ ಹೇರುತ್ತೀರಾ?"

"ಉಗ್ರಾಣ ಅಂತನ ನೆಲ ಮಾಡೀನಿ. ಪೂರ್ತಿ ಚೀಲ ತುಂಬಿದ್ರೂ ತಡೀತೈತಿ. ಕೆಳಗ ಯಾರೂ ಇರಂಗಿಲ್ಲ. ಟೊಳ್ಳಿದ್ರ ಏನಾಗ್ತೈತಿ, ಹೇಳ್ರಿ?"

ವಿನೋದ್ ಟೊಳ್ಳು ತೊಲೆಯ ಲೆಕ್ಕ ಹಾಕಿದ. "ಹೊರಮೈ ಏರುತ್ತದೆ. 176 ಇದ್ದದ್ದು 188."

"ಟೊಳ್ಳು ಇರಲಿಲ್ಲಂದ್ರ ಇಳೀತೈತಿ. 161. ಒಳಮೈ 157." ಅವಳು ಎರಡೂ ಅಂಕಿಗಳನ್ನು ಅರ್ಜಿಯ ಮೇಲೆ ಬರೆದು ಸಹಿ ಹಾಕಿ, ಸಮಯ ನಮೂದಿಸಿ ಅವನ ಮುಂದೆ ಸರಿಸಿದಳು.

ವಿನೋದ್ ಕಾಗದ ಎತ್ತಿಕೊಂಡ. "ಭಾರ ಹೇರಿದರೆ ಹಿಗ್ಗುವುದು ಕಡಿಮೆಯಾಗುತ್ತದೆ ಎಂದು ಲಿಖಿತವಾಗಿ ಕೊಟ್ಟವರನ್ನು ಇದೇ ಮೊದಲು ನೋಡುವುದು. 188 ಬಂದರೆ ಗೊತ್ತಲ್ಲ?"

"ಗೊತ್ತು. ಇದು ನನ್ನ ಕಡೀ ಸಹಿ ಆಗ್ತೈತಿ."

*

ಬುಧವಾರ ಬೆಳಿಗ್ಗೆ ಎಂಟಕ್ಕೆ ಒಲೆಗಳನ್ನು ಆರಿಸಿದರು. ಕೆಳಗಿನ ಅಂತಸ್ತು ಖಾಲಿಯಾಯಿತು. ಚನ್ನವ್ವ ಸೆರಗು ಸೊಂಟಕ್ಕೆ ಬಿಗಿದು ಇಪ್ಪತ್ತು ಮಂದಿಯನ್ನು ಮಹಡಿಗೆ ಹತ್ತಿಸಿದಳು. ಐವತ್ತು ಕಿಲೋ ಚೀಲಕ್ಕೆ ಇಬ್ಬಿಬ್ಬರು.

"ಏ ಮಲ್ಲವ್ವ, ಮದುವಿ ಮನ್ಯಾಗ ನಿಂತಂಗ ನಿಲ್ಲಬ್ಯಾಡ, ಎತ್ತು!"

"ಎತ್ತೀನಿ ತಗೊ, ನಿನ್ನ ಕತ್ತಿ ಕೋಣಿ ಸಲುವಾಗಿ ನಾವು ಕತ್ತಿ ಆದ್ವಿ!"

ದಾವಲಸಾಬ ಗೋಡೆಯ ಬುಡದಲ್ಲಿ ಸುಣ್ಣದ ಗೆರೆ ಎಳೆದು, ಚೀಲಗಳು ಅದರೊಳಗೇ ಬೀಳುವಂತೆ ನೋಡಿಕೊಂಡ. ಒಂದು ಚೀಲ ಎರಡಿಂಚು ಆಚೆ ಕೂತಾಗ ತಾನೇ ಬಗ್ಗಿ ಒಳಕ್ಕೆ ನೂಕಿದ. ವಿನೋದ್ ಧಾರವಾಡದಿಂದ ಖುದ್ದಾಗಿ ಬಂದಿದ್ದ. ಚೀಲ ಎಣಿಸುತ್ತಿದ್ದ. ಒಂಬತ್ತೂವರೆಗೆ ಅರವತ್ತನೆಯದು ಕೂತಿತು. ಎಲ್ಲರೂ ಕೆಳಗಿಳಿದು ಬಯಲಿಗೆ ಬಂದರು.

ಕಾಳುಗಳು ಮಾತಾಡುವುದು ಹತ್ತಕ್ಕೆ. ಅರ್ಧ ಗಂಟೆ ಕಾಯಬೇಕಾಗಿತ್ತು.

ಕಸ್ತೂರಿ ಕಟ್ಟಡದ ಕಡೆ ಬೆನ್ನು ಮಾಡಿ ಕಲ್ಲಿನ ಮೇಲೆ ಕುಳಿತಳು. ತೊಲೆ ಬೀಳುತ್ತದೆ ಎಂಬ ಭಯ ಅವಳಿಗಿರಲಿಲ್ಲ. ಆ ಲೆಕ್ಕವನ್ನು ಮೂರು ಸಲ ನೋಡಿದ್ದಳು. ಆದರೆ ಟೊಳ್ಳು ಇಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಕಾಂಕ್ರೀಟು ಸುರಿದ ದಿನ ಅವಳು ಧಾರವಾಡದಲ್ಲಿ ಮಾದರಿ ಪಾಠದ ಪರೀಕ್ಷೆ ಬರೆಯುತ್ತಿದ್ದಳು. ಅವಳ ಇಡೀ ಲೆಕ್ಕ ದಾವಲಸಾಬನ ಕೈಯನ್ನು ನಂಬಿ ನಿಂತಿತ್ತು.

"ದಾವಲಸಾಬಣ್ಣ," ಎಂದಳು, ಅವನ ಕಡೆ ನೋಡದೆ. "ಆ ತೊಲಿ ಹಾಕೂ ದಿನ ಕಾಂಕ್ರೀಟು ಬರೋಬ್ಬರಿ ಕುಟ್ಟಿಸಿದ್ದೇನು?"

ಅವನಿಗೆ ಸಿಟ್ಟು ಬಂತು. "ಗೋಡಿ ಸರಿಸೀನ್ರಿ, ಖರೆ. ಕಾಂಕ್ರೀಟಿನ್ಯಾಗ ನಾ ಕೈ ಬಿಟ್ಟಿಲ್ಲ. ಮೂವತ್ತು ವರ್ಷ ಆತು, ಒಂದು ತೊಲೀನೂ ಬಿಟ್ಟಿಲ್ಲ."

ಹತ್ತು ಗಂಟೆಯಾಯಿತು. ವಿನೋದ್ ಕೈಯಲ್ಲಿದ್ದ ಫಲಕದ ಮೇಲೆ ಏಳನೇ ತೊಲೆಯ ಸಾಲು ಮಿನುಗಿತು. ಅವನು ಅದನ್ನು ಎರಡು ಸಲ ಓದಿಕೊಂಡ.

"ಹೊರಮೈ 162," ಎಂದ. "ಒಳಮೈ 156."

ಹೆಂಗಸರಿಗೆ ಅಂಕಿ ಅರ್ಥವಾಗಲಿಲ್ಲ. ಚನ್ನವ್ವ ಕಸ್ತೂರಿಯ ಮುಖ ನೋಡಿದಳು, ವಿನೋದನ ಮುಖ ನೋಡಿದಳು. "ಇಳೀತೋ ಏರಿತೋ? ಅಷ್ಟು ಹೇಳ್ರಿ!"

"ಇಳೀತು," ಎಂದಳು ಕಸ್ತೂರಿ.

ಬಯಲಿನಲ್ಲಿ ಎದ್ದ ಕೂಗಿಗೆ ಪಕ್ಕದ ಗಿರಣಿಯವನು ಹೊರಗೆ ಬಂದು ನೋಡಿದ. ಮಲ್ಲವ್ವ ಒಳಗೋಡಿ ಒಲೆ ಹಚ್ಚಿದಳು. ಮೊದಲ ರೊಟ್ಟಿ ಸುಟ್ಟಿತು. ಅವಳ ಗಮನ ಅದರ ಮೇಲಿರಲಿಲ್ಲ. ಎರಡನೆಯದು ಎಣ್ಣೆಗಾಯಿ ಜೊತೆ ವಿನೋದನ ಕೈಗೆ ಬಂತು.

*

ವಿನೋದ್ ರೊಟ್ಟಿ ತಿನ್ನುತ್ತಲೇ ಕೇಳಿದ: "ಈ ಆಯ ನಿಮ್ಮಲ್ಲಿ ಎಷ್ಟು ಜನ ನೋಡುತ್ತಾರೆ?"

"ಯಾರು ನೋಡಂಗಿಲ್ಲ ಅಂತ ಕೇಳ್ರಿ," ಎಂದ ದಾವಲಸಾಬ.

ಕಸ್ತೂರಿ, ವಿನೋದ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಮಾದರಿಯೊಳಗಿನ ಗೋಡೆಗೆ ನಿಯಮ ಕಟ್ಟುವುದನ್ನು ಕಸ್ತೂರಿ ಏಳನೆಯ ತಿಂಗಳ ಪಾಠದಲ್ಲಿ ಕಲಿತಿದ್ದಳು. ಎರಡು ದಿನ ಕುಳಿತು ಒಂದು ನಿಯಮ ಬರೆದಳು: ಕೋಣೆಯ ಆಯ ಕೆಟ್ಟದಾಗಿದ್ದರೆ, ಒಳ್ಳೆಯ ಆಯ ಬರುವವರೆಗೆ ಹತ್ತಿರದ ಒಳಗೋಡೆಯನ್ನು ಸರಿಸು, ಆಮೇಲೆ ತೊಲೆಯ ಲೆಕ್ಕ ಮಾಡು. ಯಾವ ಆಯ, ಯಾವ ಕಡೆಗೆ ಎಂಬ ಅನುಮಾನ ಬಂದಲ್ಲಿ ದಾವಲಸಾಬನನ್ನು ಕೇಳಿದಳು. ಅವನು ಮೊದಲ ಸಲ ಅವಳ ಕೋಣೆಯ ಕುರ್ಚಿಯಲ್ಲಿ ಕುಳಿತು ಪರದೆ ನೋಡಿದ. "ಇಲ್ಲಿ ಬಾಗಿಲಿರೂ ಗೋಡಿ ಸರಿಸೂದಿಲ್ರಿ, ಆ ಕಡೀದು ಸರಿಸ್ತೀವಿ," ಎಂದು ತಿದ್ದಿದ. ಶಿವಲಿಂಗಪ್ಪ ಅವನಿಗೆ ತಾವೇ ಚಹಾ ಮಾಡಿ ತಂದುಕೊಟ್ಟರು.

ಆ ನಿಯಮವನ್ನು ವಿನೋದ್ ಆರುನೂರ ಹನ್ನೆರಡು ಕೆಂಪು ಕಟ್ಟಡಗಳ ಮೇಲೂ ಓಡಿಸಿದ. ಎಲ್ಲೆಲ್ಲಿ ಅಂಕಿ ಕೂಡಿಬಂತೋ ಅಲ್ಲಿಗೆಲ್ಲ ಟೇಪು ಕೊಟ್ಟು ಜನರನ್ನು ಕಳಿಸಿ ಗೋಡೆ ಅಳೆಸಿದ. ಹದಿನೆಂಟು ದಿನ ಹಿಡಿಯಿತು. ನಾನೂರ ಮೂವತ್ತೆಂಟು ಮನೆಗಳಲ್ಲಿ ಗೋಡೆ ಸರಿದಿತ್ತು: ಎಲ್ಲೋ ಎರಡಿಂಚು, ಎಲ್ಲೋ ಆರು. ಎಲ್ಲವೂ ನಿಯಮ ಹೇಳಿದ ಕಡೆಗೇ. ಕೊನೆಯ ದಿನ ವಿನೋದ್ ಕಸ್ತೂರಿಯನ್ನು ನಿಗಾ ಕೊಠಡಿಗೆ ಕರೆಸಿ, ತಿದ್ದಿದ ಮಾದರಿಗಳನ್ನೆಲ್ಲ ಒಟ್ಟಿಗೇ ಏರಿಸಿದ. ಗೋಡೆಯ ಮೇಲಿನ ನಕಾಶೆಯಲ್ಲಿ ಕುಂದಗೋಳದಿಂದ ಶುರುವಾಗಿ ನವಲಗುಂದ, ರೋಣ, ಬೈಲಹೊಂಗಲದವರೆಗೆ ಕೆಂಪು ಚುಕ್ಕೆಗಳು ಹಸಿರಾಗುತ್ತ ಹೋದವು. ಕೊಠಡಿಯ ಹನ್ನೆರಡು ಮಂದಿಯೂ ಎದ್ದು ನಿಂತಿದ್ದರು.

ಉಳಿದ ಕೆಂಪು ನೂರ ಎಪ್ಪತ್ತನಾಲ್ಕು. ಆರುನೂರರ ನಡುವೆ ಕಾಣದಿದ್ದದ್ದು ಈಗ ಕಂಡಿತು. ಅವುಗಳಲ್ಲಿ ಇಪ್ಪತ್ಮೂರು ಕಟ್ಟಡಗಳ ತೊಲೆ ನಿಜಕ್ಕೂ ಸೋಲುತ್ತಿತ್ತು. ಒಂದೇ ವಾರದಲ್ಲಿ ಇಪ್ಪತ್ಮೂರಕ್ಕೂ ಕಬ್ಬಿಣದ ಆಸರೆ ಕೊಟ್ಟು ಜನರನ್ನು ಹೊರಗೆ ತಂದರು. ರೋಣದ ಒಂದು ಮನೆಯ ತೊಲೆ, ಆಸರೆ ಕೊಟ್ಟ ನಾಲ್ಕನೆಯ ದಿನ, ಆಸರೆಯ ಮೇಲೆಯೇ ಮುರಿದು ಕೂತಿತು. ಒಳಗೆ ಯಾರೂ ಇರಲಿಲ್ಲ.

*

ಮಾರ್ಚ್ ಎರಡನೆಯ ವಾರ ಆರು ತಿಂಗಳು ತುಂಬಿತು. ಸಹಿಯ ಹಕ್ಕಿನ ಪತ್ರದ ಜೊತೆ ನಿಗಾ ಮಂಡಳಿ ಕಸ್ತೂರಿಗೆ ಇನ್ನೊಂದು ಪ್ರಶ್ನೆ ಕಳಿಸಿತ್ತು: ಮುಂದೆ ಹೀಗಾಗದಂತೆ ಏನು ಮಾಡಬೇಕು?

ಕಸ್ತೂರಿ ಎರಡೇ ಸಾಲು ಬರೆದಳು. ಗೌಂಡಿಯ ಕಾರ್ಡು ಕಿತ್ತುಕೊಳ್ಳುವ ಕಲಮು ತೆಗೆಯಿರಿ. ಮಾದರಿಯಲ್ಲಿ ಗೌಂಡಿಗೊಂದು ಕಾಲಂ ಕೊಡಿ.

ಮಂಡಳಿ ಎರಡನ್ನೂ ಒಪ್ಪಿತು. ರೊಟ್ಟಿ ಸಂಘದ ಕಟ್ಟಡದ ಕೊನೆಯ ಮಾದರಿಗೆ ಕಸ್ತೂರಿ ಸಹಿ ಹಾಕಿದ ದಿನ, ಅವಳ ಹೆಸರಿನ ಕೆಳಗೆ ಹೊಸ ಕಾಲಂ ತೆರೆದಿತ್ತು. 'ನಕ್ಷೆಯಂತೆ ಕಟ್ಟದೆ ಬದಲಿಸಿದ್ದು' ಎಂದು ಅದರ ತಲೆಬರಹ. ದಾವಲಸಾಬ ಪಕ್ಕದಲ್ಲಿ ಕುಳಿತು ಅದನ್ನು ಅಕ್ಷರ ಅಕ್ಷರವಾಗಿ ಓದಿದ.

"ಇಲ್ಲಿ ಬರದ್ರ ಬೈತಾರೇನ್ರಿ?"

"ಬರೀಲಿಲ್ಲಂದ್ರ ಬೈತಾರ."

ಅವನು 'ಉಗ್ರಾಣದ ಗೋಡೆ, ನಾಲ್ಕೂವರೆ ಇಂಚು' ಎಂದು ಒಂದೊಂದೇ ಅಕ್ಷರ ಒತ್ತಿ ಬರೆದ. ಹೆಬ್ಬೆರಳು ಒತ್ತುವ ಜಾಗದ ಮೇಲೆ ಬೆರಳು ತಂದವನು ತಡೆದ. ಕಸ್ತೂರಿಯ ಕಡೆ ಒಮ್ಮೆ, ಶಿವಲಿಂಗಪ್ಪನ ಕಡೆ ಒಮ್ಮೆ ನೋಡಿದ.

"ಅಕ್ಕಾರ, ಖರೇನ ಬೈಯಂಗಿಲ್ಲಲ್ರಿ?"

"ಯಾಕ?"

"ಇನ್ನೊಂದೈತ್ರಿ. ಬಚ್ಚಲದ್ದು."

ಶಿವಲಿಂಗಪ್ಪ ಬಿದ್ದು ಬಿದ್ದು ನಕ್ಕರು. ಕಸ್ತೂರಿ ಎದ್ದು ಗೂಟದಿಂದ ಟೇಪು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. "ನಡಿ, ಅಳತಿ ತಗೊಂಡು ಬರೂನು," ಎಂದಳು.